ಭಾನುವಾರದ ಫೋಟೋಗ್ರಾಫರ್

ಹಾಸನದ ಕಡೆ ಹೊಸದಾಗಿ ಕ್ಯಾಮೆರಾ ಕೊಂಡವರೆಲ್ಲ ಮೊದಲು ಹೋಗುವುದು ಬೇಲೂರಿಗೆ, ಆಮೇಲೆ ಹಳೇಬೀಡಿಗೆ. ನಾನೂ ಹೋದೆ. ಮದನಿಕೆಯರನ್ನು ಆ ಕಡೆಯಿಂದ, ಈ ಕಡೆಯಿಂದ, ಕೂತು, ನಿಂತು ತೆಗೆದೆ. 2023ರಲ್ಲಿ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ ಆ ಫೋಟೋಗಳಿಗೆ ವಾಟ್ಸಾಪ್‌ನಲ್ಲಿ ಮೆಚ್ಚುಗೆ ಜಾಸ್ತಿಯೇ ಆಯಿತು. ದುಡ್ಡು ಮಾತ್ರ ಬರಲಿಲ್ಲ. ಮದನಿಕೆ ಯಾವತ್ತಾದರೂ ಅಡ್ವಾನ್ಸ್ ಕೊಡ್ತಾಳಾ?

ಪ್ರೀ-ವೆಡ್ಡಿಂಗ್ ಮಾಡು, ಅದರಲ್ಲಿ ಕಾಸಿದೆ ಅಂತ ಸ್ನೇಹಿತರು ಹೇಳಿದರು. ನಮ್ಮಲ್ಲಿ ಅದಕ್ಕೆ ಶೆಟ್ಟಿಹಳ್ಳಿ ಚರ್ಚೇ ಇದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ನೀರಿನೊಳಗೆ, ಬೇಸಿಗೆಯಲ್ಲಿ ನೆಲದ ಮೇಲೆ. ಒಂದು ಭಾನುವಾರ ಹೋಗಿ ನೋಡಿದೆ. ಒಂದೊಂದು ಗೋಡೆಗೆ ಒಂದೊಂದು ಜೋಡಿ, ಪ್ರತಿ ಜೋಡಿಯ ಜೊತೆ ಡ್ರೋನ್, ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್, ಲೈಟ್ ಹಿಡಿಯೋಕೆ ಇಬ್ಬರು ಹುಡುಗರು. ನನ್ನ ಹತ್ತಿರ ಇದ್ದದ್ದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, ಒಂದು 50 ಎಂಎಂ ಲೆನ್ಸ್, ಒಂದು ಫ್ಲ್ಯಾಶ್. ಸುಮ್ನೆ ವಾಪಸ್ ಬಂದೆ.

ವಾರದ ದಿನ ನನಗೆ ಬಿ.ಎಂ. ರಸ್ತೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಬಿಡುವು ಅಂತ ಸಿಗುವುದು ಭಾನುವಾರ ಮಾತ್ರ. ಎರಡು ದಿನ ನಡೆಯುವ ಮದುವೆ, ಆಮೇಲೆ ಬೀಗರ ಊಟ, ಇದನ್ನೆಲ್ಲ ಒಬ್ಬನೇ ಒಪ್ಪಿಕೊಂಡರೆ ನೌಕರಿಗೇ ಸಂಚಕಾರ. ನನಗೆ ಹೊಂದುವುದು ನಾಮಕರಣ, ಸೀಮಂತ, ಗೃಹಪ್ರವೇಶದಂಥ ಅರ್ಧ ದಿನದ ಕಾರ್ಯ. ಮದುವೆ ಸೀಸನ್‌ನಲ್ಲಿ ಸ್ಟುಡಿಯೋದವರಿಗೂ ಇವಕ್ಕೆ ಪುರುಸೊತ್ತು ಇರುವುದಿಲ್ಲ.

ರೇಟ್ ಎಷ್ಟು ಹೇಳಬೇಕು ಅಂತ ಗೊತ್ತಿರಲಿಲ್ಲ. ಪ್ರಿಂಟ್ ಹಾಕಿಸುತ್ತಿದ್ದ ಸ್ಟುಡಿಯೋ ಯಜಮಾನರನ್ನೇ ಕೇಳಿದೆ. ಅವರು ಪಾಸ್‌ಪೋರ್ಟ್ ಸೈಜ್ ಫೋಟೋ ಕತ್ತರಿಸುತ್ತಾ, ತಲೆ ಎತ್ತದೆ ಹೇಳಿದರು: "ನೋಡಿ ಸ್ವಾಮಿ, ಆಷಾಢದಲ್ಲಿ ಕಾರ್ಯ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಅಂಗಡಿ ಬಾಡಿಗೆ ಮಾತ್ರ ಎಲ್ಲ ತಿಂಗಳೂ ಇದೆ. ನಿಮಗೆ ಒಂದನೇ ತಾರೀಖು ಸಂಬಳ ಬರುತ್ತೆ ಅಂತ ಸಾವಿರ ರೂಪಾಯಿಗೆಲ್ಲ ಹೋಗಿ ರೇಟ್ ಕೆಡಿಸಬೇಡಿ." ಮಾತು ಸ್ವಲ್ಪ ಖಾರವಾಗಿತ್ತು, ಆದರೆ ಸುಳ್ಳಲ್ಲ. ಹವ್ಯಾಸ ಅಂತ ಪುಕ್ಕಟೆ ತೆಗೆದುಕೊಡುವವರು ಇನ್ನೊಬ್ಬರ ಅನ್ನಕ್ಕೆ ಕೈ ಹಾಕುತ್ತಾರೆ ಅಂತಲೇ ನನಗೂ ಅನ್ನಿಸುತ್ತದೆ.

ಮೊದಲ ಕೆಲಸ ಬಂದದ್ದು ಅಂಗಡಿಯ ಗಿರಾಕಿಯೊಬ್ಬರಿಂದ. ವಿದ್ಯಾನಗರದಲ್ಲಿ ಮನೆ ಕಟ್ಟಿಸಿದ್ದರು. ಪೈಪು, ನಲ್ಲಿ, ಬಣ್ಣ ಎಲ್ಲ ನಮ್ಮಲ್ಲೇ ತಗೊಂಡಿದ್ದರು. "ನಮ್ಮ ಹುಡುಗನೇ ಅಲ್ವಾ, ಭಾನುವಾರ ಗೃಹಪ್ರವೇಶಕ್ಕೆ ಬಂದು ನಾಲ್ಕು ಫೋಟೋ ಹೊಡ್ಕೊಡಪ್ಪ" ಅಂದರು. ಈ "ನಾಲ್ಕು ಫೋಟೋ" ಅನ್ನುವುದಕ್ಕೆ ಕೊನೆ ಮೊದಲಿಲ್ಲ. ಜೊತೆಗೆ "ನಮ್ಮ ಹುಡುಗ" ಬೇರೆ. "ಸಾರ್, ನಾಲ್ಕು ಸಾವಿರ ಆಗುತ್ತೆ. ಪ್ರಿಂಟ್ ಬೇರೆ ಲೆಕ್ಕ. ಒಂದು ಸಾವಿರ ಈಗ ಕೊಡಿ, ಉಳಿದದ್ದು ಫೋಟೋ ಕೊಟ್ಟಾಗ" ಅಂದೆ. ಅಷ್ಟು ಹೇಳುವುದಕ್ಕೆ ಬಾಯಿ ಒಣಗಿತು. ಅವರು ನನ್ನ ಮುಖ ನೋಡಿದರು, ಅಂಗಡಿ ಓನರ್ ಮುಖ ನೋಡಿದರು, ಆಮೇಲೆ ಫೋನ್‌ಪೇ ಮಾಡಿದರು.

ಹಿಂದಿನ ಸಂಜೆಯೇ ಆ ಮನೆಗೆ ಹೋದೆ. ಹಾಲ್‌ನ ಗೋಡೆಗೆ ಗಿಳಿಹಸಿರು. ಬಿಲ್ ಬರೆದವನು ನಾನೇ ಆದ್ದರಿಂದ ಗೊತ್ತಿತ್ತು. ಫ್ಲ್ಯಾಶನ್ನು ಆ ಗೋಡೆಗೆ ತಿರುಗಿಸಿ ಹೊಡೆದು ನೋಡಿದೆ. ಯಜಮಾನರ ಮಗನ ಮುಖ ಕಾಮಾಲೆ ಬಂದವರ ಹಾಗೆ ಕಂಡಿತು. ತಾರಸಿ ಮಾತ್ರ ಅಪ್ಪಟ ಬಿಳಿ. ಮೇಲಕ್ಕೆ ತಿರುಗಿಸಿದರೆ ಬೆಳಕು ತಾರಸಿಗೆ ಬಡಿದು ಹರಡಿ, ಮೆತ್ತಗೆ ಕೆಳಗಿಳಿಯುತ್ತಿತ್ತು. ಹೊಸ ಮನೆಯ ಬಿಳಿ ತಾರಸಿಗಿಂತ ಒಳ್ಳೆಯ ಲೈಟು ಬಡ ಫೋಟೋಗ್ರಾಫರ್‌ಗೆ ಬೇರೆ ಸಿಗಲಿಕ್ಕಿಲ್ಲ.

ಇನ್ನೊಂದು ತಲೆನೋವು ಎಲ್ಇಡಿ ಬಲ್ಬು. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಎಲ್ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರುವ ಹೊತ್ತು, ಸೆಕೆಂಡಿನ 1/500ಕ್ಕೆ ಇಟ್ಟರೆ ಫೋಟೋದಲ್ಲಿ ಅಡ್ಡ ಪಟ್ಟೆ ಬೀಳುತ್ತದೆ. 1/100 ಅಥವಾ 1/50ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಅಡುಗೆಮನೆಯಲ್ಲಿ ನಿಂತು ಇದನ್ನೂ ನೋಡಿಕೊಂಡೆ. ಆಮೇಲೆ ಮನೆಯ ಅಮ್ಮನವರನ್ನು ಕೂರಿಸಿಕೊಂಡು ಕೇಳಿದೆ: ಹಸು ಯಾವ ಕಡೆಯಿಂದ ಬರುತ್ತೆ, ಕಳಸ ಹಿಡಿಯುವವರು ಯಾರು, ಹಾಲು ಉಕ್ಕಿಸುವವರು ಯಾರು, ಯಾರ ಫೋಟೋ ಬಿಟ್ಟರೆ ಮುನಿಸು ಬರುತ್ತೆ. ಕೊನೆಯ ಪ್ರಶ್ನೆಗೆ ಅವರು ತಕ್ಷಣ ಇಬ್ಬರು ನಾದಿನಿಯರ ಹೆಸರು ಹೇಳಿದರು.

ಬೆಳಗಿನ ಜಾವ. ಹೊರಗೆ ಚಳಿ, ಕತ್ತಲೆ. ಟೈಲ್ಸ್ ಮೇಲೆ ಜಾರದಿರಲಿ ಅಂತ ಬಾಗಿಲಿಂದ ಹಾಲ್‌ವರೆಗೆ ಗೋಣಿತಾಟು ಹಾಸಿದ್ದರು. ಹಸು ಹೊಸಿಲ ಹತ್ತಿರ ಬಂದು ನಿಂತಿತು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಚೆಂಡು ಹೂವಿನ ಹಾರ. ಆ ಹಾರವನ್ನು ಕರು ಹಿಂದಿನಿಂದ ತಿನ್ನುತ್ತಿತ್ತು. ನಾನು ಕ್ಯಾಮೆರಾ ಎತ್ತಿದೆ. ಹಗ್ಗ ಹಿಡಿದಿದ್ದ ಅಜ್ಜ, "ಆ ಲೈಟ್ ಹೊಡೀಬ್ಯಾಡ ಕಣಪ್ಪ, ಬೆದರ್ತದೆ" ಅಂದ. ಫ್ಲ್ಯಾಶ್ ಆಫ್ ಮಾಡಿ 50 ಎಂಎಂ ಲೆನ್ಸ್ ಹಾಕಿದೆ. ಅದರ ಕಿಂಡಿಯನ್ನು ಎಫ್ 1.8ಕ್ಕೆ ತೆರೆದರೆ (ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್ 5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಬೆಳಕು ಹಿಡಿಯುವ ಸೂಕ್ಷ್ಮತೆ, ಅಂದರೆ ಐಎಸ್ಒ, 3200. ಹಸು ಬಲಗಾಲು ಒಳಗಿಟ್ಟಿತು, ಸಿಕ್ಕಿತು. ಸ್ವಲ್ಪ ಕಾಳು ಕಾಳಾಗಿ ಬಂದಿದೆ, ಇರಲಿ. ಅಲ್ಲಾಡಿದ ಫೋಟೋಗಿಂತ ಅದೇ ಮೇಲು.

ಹಾಲು ಉಕ್ಕುವುದನ್ನು ಹಿಡಿಯಲು ಪಾತ್ರೆಯ ಅಂಚು ನೋಡುತ್ತಿರಬೇಕು. ಮೊದಲು ಸುತ್ತ ಸಣ್ಣ ಗುಳ್ಳೆ, ಆಮೇಲೆ ಕೆನೆ ನಡುವೆ ಉಬ್ಬುತ್ತದೆ. ಅಲ್ಲಿಂದ ಮುಂದೆ ಯಾರ ಮಾತೂ ಕೇಳಬಾರದು, ಬಟನ್ ಒತ್ತುತ್ತಲೇ ಇರಬೇಕು. ನಾದಿನಿಯರಿಬ್ಬರೂ ಅದೇ ಹೊತ್ತಿಗೆ ಚೌಕಟ್ಟಿನೊಳಗೆ ತಲೆ ಹಾಕಿದ್ದು ನನ್ನ ಪುಣ್ಯ.

ಹೋಮದ ಹೊಗೆ ಎದ್ದ ಮೇಲೆ ಆಟೋಫೋಕಸ್ ಕೈಕೊಟ್ಟಿತು. ಕೈಯಲ್ಲೇ ಫೋಕಸ್ ತಿರುಗಿಸಿದೆ. ಪೂರ್ಣಾಹುತಿಯ ಹೊತ್ತಿಗೆ ಯಜಮಾನರ ಭಾವಮೈದುನ, "ಭಟ್ಟರೇ, ಒಂದ್ ನಿಮಿಷ ಹಂಗೇ ಹಿಡ್ಕೊಳ್ಳಿ, ಫೋಟೋಗೆ" ಅಂದ. ಪುರೋಹಿತರು ನನ್ನ ಕಡೆ ತಿರುಗಿ, "ಅಗ್ನಿ ನಿಮ್ಮ ಕ್ಯಾಮೆರಾಕ್ಕೆ ಕಾಯಲ್ಲಪ್ಪ, ನೀವೇ ಅದಕ್ಕೆ ಕಾಯಿರಿ" ಅಂದರು. ಕೇಳಿದ್ದು ನಾನಲ್ಲ, ಆದರೂ ತಲೆಯಾಡಿಸಿದೆ.

ತಿಂಡಿ ಎಲೆ ಹಾಕುವಷ್ಟರಲ್ಲಿ ಜೇಬಿನಲ್ಲಿದ್ದ ಎರಡನೇ ಬ್ಯಾಟರಿಯೂ ಕೆಲಸಕ್ಕೆ ಬಂತು. ಮನೆಗೆ ಬಂದವನೇ ಫೋಟೋಗಳನ್ನು ಎರಡು ಕಡೆ ಕಾಪಿ ಮಾಡಿಕೊಂಡೆ. ಅದಾಗುವವರೆಗೆ ಕಾರ್ಡ್ ಅಳಿಸಬಾರದು. ಆರಿಸುವುದು, ಬಣ್ಣ ತಿದ್ದುವುದು ವಾರವಿಡೀ ರಾತ್ರಿ ನಡೆಯಿತು. ಅರ್ಧ ದಿನದ ಕೆಲಸ ಅಂದೆನಲ್ಲ, ಅದು ಕ್ಯಾಮೆರಾ ಹಿಡಿದ ಹೊತ್ತಿನ ಲೆಕ್ಕ ಅಷ್ಟೇ. ರೇಟ್ ಹೇಳುವಾಗ ಈ ರಾತ್ರಿಗಳನ್ನೂ ಸೇರಿಸಿಕೊಳ್ಳಬೇಕು.

ಫೋಟೋಗಳನ್ನು ಡ್ರೈವ್ ಲಿಂಕ್ ಮಾಡಿ ಕಳಿಸಿದೆ, ವಾಟ್ಸಾಪ್‌ನಲ್ಲಿ ಸುಮ್ನೆ ಹಾಕಿದರೆ ಸೈಜ್ ಕುಗ್ಗಿ ಮಸುಕಾಗುತ್ತದೆ. ಆ ಮನೆಯ ಅಜ್ಜಿಗೆ ಲಿಂಕು ಗಿಂಕು ಬೇಕಿರಲಿಲ್ಲ. "ಕಾಗದದ್ದು ಕೊಡಪ್ಪ" ಅಂದರು. ಹಸುವಿನ ಫೋಟೋ ದೊಡ್ಡದು ಮಾಡಿಸಿ ಎಂದು ತಾವೇ ಸೆರಗಿನಿಂದ ದುಡ್ಡು ಬಿಚ್ಚಿ ಕೊಟ್ಟರು.

ಉಳಿದ ಮೂರು ಸಾವಿರ ಬಂದ ವಾರವೇ ಪಕ್ಕದ ಮನೆಯವರು ಫೋನ್ ಮಾಡಿದರು. ಸೊಸೆಗೆ ಸೀಮಂತ, ಬುಧವಾರ. ಬುಧವಾರ ನಮ್ಮ ಅಂಗಡಿಗೆ ಲೋಡ್ ಬರುವ ದಿನ. ಸ್ಟುಡಿಯೋ ಯಜಮಾನರ ನಂಬರ್ ಕೊಟ್ಟೆ, ಅವರು ಮಾಡಿಕೊಟ್ಟರು. ಮುಂದಿನ ತಿಂಗಳು ಅವರದೇ ಫೋನ್: "ಭಾನುವಾರ ಅರಸೀಕೆರೆಯಲ್ಲಿ ಒಂದು ಮದುವೆ ಇದೆ. ಎರಡನೇ ಕ್ಯಾಮೆರಾಕ್ಕೆ ಬರ್ತೀರಾ?"

"ಬರ್ತೀನಿ ಸಾರ್. ಎಷ್ಟು ಕೊಡ್ತೀರಾ?" ಅಂದೆ. ಈ ಸಲ ಬಾಯಿ ಒಣಗಲಿಲ್ಲ.