ಕಿವಿ ಬಂತು, ಸಂಕ ಹೋಯಿತು

ಹೋದ ಭಾನುವಾರ ಯಲ್ಲಾಪುರದ ಕಡೆಯ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದರು. ಯಾರೋ ನೆಂಟರ ಹತ್ತಿರ ನನ್ನ ನಂಬರು ಸಿಕ್ಕಿತಂತೆ. ಅವರ ಅಪ್ಪಯ್ಯನಿಗೆ ಬರುವ ತಿಂಗಳು ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್, ಅಂದರೆ ಕಿವುಡಾದವರ ಒಳಗಿವಿಗೆ ತಂತಿ ತೂರಿಸಿ, ಹೊರಗೊಂದು ಮೆಶಿನ್ ಇಟ್ಟು ಕೇಳಿಸುವ ಹಾಗೆ ಮಾಡೋದು. ಖರ್ಚೆಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮಳೆಗಾಲದಲ್ಲಿ ಮೆಶಿನ್ ಒದ್ದೆಯಾದರೆ ಏನು ಮಾಡೋದು, ಎಲ್ಲ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಗಡೇರೇ, ಆಪರೇಷನ್ ಆದಮೇಲೆ ತಲೆ ತಿರುಗ್ತದಂತೆ, ಹೌದಾ?" ಅಂದರು.

ಹೌದು ಅಂದೆ. ಅರ್ಧ ಗಂಟೆ ಮಾತಾಡಿದರೂ ಮುಗಿಯಲಿಲ್ಲ. ಅದಕ್ಕೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಅಡಿಕೆ ಬೆಳೆಯುವವನು. ಅಷ್ಟು ನೆನಪಿಟ್ಟುಕೊಂಡು ಓದಿ.

ನನ್ನ ಬಲಗಿವಿ ಹೋದದ್ದು ಏಳನೇ ವರ್ಷಕ್ಕೆ, ಮಂಗನಬಾವು ಬಂದಾಗ. ಗದ್ದ ಊದಿತು, ಆಯಿ ಏನೋ ಲೇಪ ಹಚ್ಚಿದಳು, ವಾರದಲ್ಲಿ ಇಳಿಯಿತು. ಕಿವಿ ಹೋಗಿದೆ ಎಂದು ಗೊತ್ತಾಗಲು ಎಷ್ಟೋ ತಿಂಗಳು ಬೇಕಾಯಿತು. ಬಲಮಗ್ಗುಲಿಗೆ ಮಲಗಿದ್ದರೆ ಕರೆದಾಗ ಏಳುತ್ತಿದ್ದೆ, ಎಡಮಗ್ಗುಲಿಗೆ ಮಲಗಿದ್ದರೆ ಏಳುತ್ತಿರಲಿಲ್ಲ. ಹಾಗೆ ಸಿಕ್ಕಿಬಿದ್ದೆ. ಒಂದೇ ಕಿವಿಯಲ್ಲಿ ಶಾಲೆ, ಕಾಲೇಜು, ಮದುವೆ, ಸೊಸೈಟಿ ಮೀಟಿಂಗು ಎಲ್ಲ ನಡೆಯಿತು. ನಲವತ್ತು ದಾಟಿದ ಮೇಲೆ ಎಡಗಿವಿಯೂ ಕೈಕೊಡುತ್ತಾ ಬಂತು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಸದ್ದು ಜೋರು ಮಾಡುವ ಕಿವಿ ಮೆಶಿನ್ ಹಾಕಿಸಿಕೊಂಡೆ. ಕೆಲವು ವರ್ಷ ನಡೆಯಿತು. ಕೊನೆಕೊನೆಗೆ ಎಷ್ಟು ಜೋರು ಮಾಡಿದರೂ ಸದ್ದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. 2022ರ ಫೆಬ್ರವರಿಯಲ್ಲಿ, ಕೊನೆಕೊಯ್ಲು ಮುಗಿಸಿ, ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಎಡಗಿವಿಗೆ ಇಂಪ್ಲಾಂಟ್ ಮಾಡಿಸಿಕೊಂಡೆ.

ಎಡಗಿವಿಗೇ ಯಾಕೆ ಅಂದರೆ, ನಲವತ್ತು ಚಿಲ್ಲರೆ ವರ್ಷ ಸದ್ದೇ ಕೇಳದ ಕಿವಿಗೆ ಇಂಪ್ಲಾಂಟ್ ಹಾಕಿದರೆ ಮೆದುಳಿಗೆ ಅದನ್ನು ಅರ್ಥ ಮಾಡಿಕೊಳ್ಳೋದು ಕಷ್ಟ. ಇತ್ತೀಚೆಗೆ ಕಿವುಡಾದ ಕಿವಿಯಲ್ಲಿ ಫಲ ಜಾಸ್ತಿ. ಕೇಳುವ ಲೆಕ್ಕದಲ್ಲಿ ಆಸ್ಪತ್ರೆಯವರ ತೀರ್ಮಾನ ಸರಿ. ಈಗಲೂ ಹಾಗೇ ಹೇಳುತ್ತೇನೆ. ಆದರೆ ಕಿವಿಗೆ ಇನ್ನೊಂದು ಲೆಕ್ಕ ಇದೆ. ಅದನ್ನು ಯಾರೂ ನೋಡಲಿಲ್ಲ. ನನಗಂತೂ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ.

ಸಹಿ ಹಾಕಿಸಿಕೊಂಡ ಕಾಗದದಲ್ಲಿ ಇತ್ತು, ಇಲ್ಲ ಅನ್ನಲ್ಲ. ಸೋಂಕು ಆಗಬಹುದು, ಮುಖದ ನರಕ್ಕೆ ಪೆಟ್ಟಾಗಬಹುದು, ಬಾಯಿರುಚಿ ಬದಲಾಗಬಹುದು, ಅದರ ಕೆಳಗೆ ತಲೆಸುತ್ತು ಬರಬಹುದು. ನಾವಿಬ್ಬರೂ ಮುಖದ ನರದ ಸಾಲಿನಲ್ಲೇ ನಿಂತುಬಿಟ್ಟಿದ್ದೆವು. ಬಾಯಿ ಸೊಟ್ಟಾದರೆ ಏನು ಗತಿ ಎಂದು ಹೆಂಡತಿಗೆ ಚಿಂತೆ. ತಲೆಸುತ್ತು ಯಾರಿಗೆ ಬರಲ್ಲ, ಲಿಂಬೆಹುಳಿ ಪಾನಕ ಕುಡಿದರೆ ಆಯಿತು ಎಂದುಕೊಂಡು ಸಹಿ ಹಾಕಿದೆ.

ಅವತ್ತು ರಾತ್ರಿ ಎಚ್ಚರವಾದಾಗ ಫ್ಯಾನ್ ನಿಂತಿತ್ತು, ಕೋಣೆ ತಿರುಗುತ್ತಿತ್ತು. ಮಂಚದ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ತಲೆಯನ್ನು ಒಂದಿಂಚು ಸರಿಸಿದರೂ ವಾಂತಿ. ಕಣ್ಣು ತಾನಾಗಿ ಒಂದು ಕಡೆಗೆ ಜಗ್ಗಿ ಜಗ್ಗಿ ಹೋಗುತ್ತಿದೆ ಎಂದು ಹೆಂಡತಿ ಹೆದರಿ ನರ್ಸನ್ನು ಕರೆದಳು. "ಎರಡು ಮೂರು ದಿನ ಇರ್ತದೆ, ಹೋಗ್ತದೆ" ಅಂದರು. ಅದು ಸುಳ್ಳೂ ಅಲ್ಲ. ಮೂರನೇ ದಿನಕ್ಕೆ ಸುತ್ತು ನಿಂತಿತು. ಬಹಳ ಜನರಿಗೆ ಕತೆ ಅಲ್ಲಿಗೇ ಮುಗಿಯುತ್ತದೆ. ಎಷ್ಟೋ ಜನರಿಗೆ ಏನೂ ಆಗುವುದೇ ಇಲ್ಲ. ಯಲ್ಲಾಪುರದವರಿಗೂ ಇದನ್ನೇ ಮೊದಲು ಹೇಳಿದೆ.

ಹೀಗೆ ಯಾಕಾಗುತ್ತದೆ ಎಂದು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಒಳಗಿವಿ ಅಂದರೆ ಒಂದೇ ಬಾವಿ, ನೀರು ಸೇದುವ ಮನೆ ಎರಡು. ಒಂದು ಮನೆ ಕಾಕ್ಲಿಯಾ, ಎರಡೂವರೆ ಸುತ್ತಿನ ಶಂಖ, ಅದಕ್ಕೆ ಕೇಳುವ ಕೆಲಸ. ಇನ್ನೊಂದಕ್ಕೆ ನಮ್ಮನ್ನು ಬೀಳದಂತೆ ನಿಲ್ಲಿಸುವ ಕೆಲಸ, ಅದರಲ್ಲಿ ಮೂರು ಬಳೆಯಂಥ ನಾಳ, ಎರಡು ಪುಟ್ಟ ಚೀಲ. ನಾಳಗಳಿಗೆ ತಲೆ ತಿರುಗಿಸಿದ್ದು ಗೊತ್ತಾಗುತ್ತದೆ. ಚೀಲಗಳಲ್ಲಿ ಸುಣ್ಣದ ಸಣ್ಣ ಸಣ್ಣ ಹರಳಿವೆ, ಅವಕ್ಕೆ ತಲೆ ಓರೆಯಾದದ್ದು, ಮೈ ಮೇಲೆ ಕೆಳಗೆ ಆದದ್ದು ಗೊತ್ತಾಗುತ್ತದೆ. ಎರಡೂ ಮನೆಗೆ ದ್ರವ ಒಂದೇ. ಇಂಪ್ಲಾಂಟಿನ ಎಲೆಕ್ಟ್ರೋಡ್ ತಂತಿಯನ್ನು ಶಂಖದೊಳಗೆ ತೂರಿಸುವಾಗ ಆ ಬಾವಿಯನ್ನೇ ತೆರೆಯಬೇಕು. ಆ ಬಾಗಿಲ ಹತ್ತಿರವೇ ಚೀಲಗಳಲ್ಲಿ ಒಂದು ಇದೆ. ಎಷ್ಟು ಹುಷಾರಾಗಿ ಮಾಡಿದರೂ ಪಕ್ಕದ ಮನೆಗೆ ಸ್ವಲ್ಪ ಅಲುಗಾಟ ತಪ್ಪಲ್ಲ.

ಊರಿಗೆ ಬಂದು ಮೂರು ವಾರ ಆಗಿತ್ತು. ತೋಟದಲ್ಲಿ ಸಿಂಗಾರ, ಅಂದರೆ ಅಡಿಕೆಯ ಹೂಗೊನೆ, ಹೇಗೆ ಬಂದಿದೆ ನೋಡೋಣ ಎಂದು ಕತ್ತೆತ್ತಿದೆ. ಮರದ ತುದಿ ಗಿರ್ರನೆ ತಿರುಗಿತು, ಮರುಕ್ಷಣ ತೋಟದ ನೀರು ಹರಿಯುವ ಕಾದಿಗೆಯಲ್ಲಿ ಕುಳಿತಿದ್ದೆ. ಅರ್ಧ ನಿಮಿಷಕ್ಕೆಲ್ಲ ಸರಿಹೋಯಿತು. ಮತ್ತೆ ಕತ್ತೆತ್ತಿದೆ, ಮತ್ತೆ ಅದೇ. ಅಡಿಕೆ ಬೆಳೆಯುವವನಿಗೆ ಕತ್ತೆತ್ತುವುದೇ ಅರ್ಧ ಕೆಲಸ ಅಲ್ವಾ? ಸಿಂಗಾರ ನೋಡಬೇಕು, ಕೊಳೆರೋಗ ಬಂತಾ ನೋಡಬೇಕು, ಮರದ ಮೇಲೆ ಕೊನೆ ಕೊಯ್ಯುವ ಕೊನೆಗೌಡನ ಜೊತೆ ಮಾತಾಡಬೇಕು.

ಹುಬ್ಬಳ್ಳಿಯ ಒಬ್ಬ ಕಿವಿ ಡಾಕ್ಟರು ನಗುತ್ತಲೇ ಹೇಳಿದರು, ಇದು ಹರಳಿನ ಕಾಟ. ಆಪರೇಷನ್ನಿನ ಡ್ರಿಲ್ ಅದುರಾಟಕ್ಕೆ ಚೀಲದ ಹರಳು ಕಳಚಿ ನಾಳದೊಳಗೆ ಬಿದ್ದಿರುತ್ತದೆ. ತಲೆಯನ್ನು ಓರೆ ಮಾಡಿ ಹಿಂದಕ್ಕೆ ಮಲಗಿಸಿ, ಹೊರಳಿಸಿ, ಎಬ್ಬಿಸಿ ಕೂರಿಸಿದರು. ಒಂದೊಂದು ಭಂಗಿಯಲ್ಲಿ ಅರ್ಧ ನಿಮಿಷ, ಒಂದು ನಿಮಿಷ. ಎಪ್ಲಿ ವಿಧಾನ ಅಂತ ಹೆಸರು. ಎರಡು ಸಲಕ್ಕೆ ಗುಣವಾಯಿತು. ಮಾತ್ರೆ ಇಲ್ಲ, ಸೂಜಿ ಇಲ್ಲ. ಡಬ್ಬಿ ಓರೆ ಮಾಡಿ ಕಾಳನ್ನು ಮೂಲೆಯಿಂದ ಹೊರಗೆ ಉರುಳಿಸಿದಂತೆ.

ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಉಳಿದದ್ದರಲ್ಲಿ ಸುತ್ತು ಇರಲಿಲ್ಲ. ಹಗಲಲ್ಲಿ ಹಾಸಿಗೆಯ ಮೇಲೆ ನಡೆದಂತೆ ಆಗುತ್ತಿತ್ತು, ಕತ್ತಲಲ್ಲಿ ನೆಲವೇ ಇಲ್ಲದಂತೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನಡೆಯುತ್ತಾ ಬಸ್ಸಿನ ಬೋರ್ಡು ಓದಲು ಆಗುತ್ತಿರಲಿಲ್ಲ. ಅಕ್ಷರ ಕುಣಿಯುತ್ತಿದ್ದವು. ನಿಂತರೆ ಬನವಾಸಿ, ಹೆಜ್ಜೆ ಹಾಕಿದರೆ ಬರೀ ಗೀಟು. ಕನ್ನಡಕದ ನಂಬರು ಬದಲಾಗಿದೆ ಎಂದು ಐನೂರು ರೂಪಾಯಿ ಕಳೆದೆ.

ಬಚ್ಚಲಲ್ಲಿ ಆದದ್ದನ್ನು ಹೇಳಲೇಬೇಕು. ಸ್ನಾನಕ್ಕೆ ಹೋಗುವಾಗ ಕಿವಿಯ ಹೊರಗಿನ ಮೆಶಿನ್ ತೆಗೆದಿಡಬೇಕು, ಅಂದರೆ ಪೂರ್ತಿ ಕಿವುಡ. ನಮ್ಮದು ಹಳೇ ಬಚ್ಚಲು, ಒಲೆಯ ಬೆಳಕೇ ಜಾಸ್ತಿ. ಕಲ್ಲು ಹಾಸು, ಮೇಲೆ ಸೋಪಿನ ನೀರು. ತಲೆಗೆ ಸೀಗೆಪುಡಿ ಹಚ್ಚಿ ಕಣ್ಣು ಮುಚ್ಚಿ, ಹಂಡೆಯಿಂದ ತಂಬಿಗೆ ತುಂಬಿ ಎತ್ತಿದೆ. ಯಾವ ಕಡೆ ಮೇಲು, ಯಾವ ಕಡೆ ಕೆಳಗು ತಿಳಿಯಲಿಲ್ಲ. ಬೀಳುತ್ತಿದ್ದೇನೆ ಎಂದು ಗೊತ್ತಾದದ್ದು ಭುಜ ಹಂಡೆಗೆ ತಾಗಿ ಸುಟ್ಟಾಗ. ಹೆಂಡತಿ ಬಾಗಿಲು ಬಡಿದಳಂತೆ, ಕೂಗಿದಳಂತೆ. ನನಗೆ ಏನು ಕೇಳುತ್ತದೆ? ಮರುದಿನವೇ ಬಚ್ಚಲಿನ ಅಗುಳಿ ತೆಗೆಸಿದಳು.

ಆಮೇಲೆ ಹೊರಟೆ ಮತ್ತೆ ಮೈಸೂರಿಗೆ. ಪರೀಕ್ಷೆ ಮಾಡಿದರು. ಬಲಗಿವಿಗೆ, ಅಂದರೆ ಆಪರೇಷನ್ ಆಗದ ಕಿವಿಗೆ, 30 ಡಿಗ್ರಿಯ ತಣ್ಣೀರು ಬಿಟ್ಟರು, ಆಮೇಲೆ 44 ಡಿಗ್ರಿಯ ಬಿಸಿನೀರು. ಸರಿಯಿರುವ ಕಿವಿಯಾದರೆ ತಲೆ ಸುತ್ತಬೇಕು, ಕಣ್ಣು ಜಗ್ಗಬೇಕು. ನನಗೆ ಏನೂ ಇಲ್ಲ. ಕಿವಿ ತೊಳೆದಂತೆ ಆಯಿತು ಅಷ್ಟೇ. (ಈ ಪರೀಕ್ಷೆಯ ಹಿಂದೆ ಒಂದು ಕತೆ ಇದೆ. ವಿಯೆನ್ನಾದ ರಾಬರ್ಟ್ ಬಾರಾನಿ ಎಂಬ ಡಾಕ್ಟರು ರೋಗಿಗಳ ಕಿವಿ ತೊಳೆಯುವಾಗ, ನೀರು ತಣ್ಣಗಿದ್ದರೂ ಬಿಸಿಯಿದ್ದರೂ ತಲೆ ಸುತ್ತುತ್ತದೆ, ಆದರೆ ಕಣ್ಣು ಜಗ್ಗುವ ದಿಕ್ಕು ಅದಲುಬದಲಾಗುತ್ತದೆ ಎಂದು ಗಮನಿಸಿದರು. 1914ರ ನೊಬೆಲ್ ಅವರಿಗೆ ಸಿಕ್ಕಿತು. ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧ ಕೈದಿ.) ಆಮೇಲೆ ಕ್ಯಾಮೆರಾ ಇರುವ ಕನ್ನಡಕ ಹಾಕಿ, ಗೋಡೆಯ ಚುಕ್ಕೆ ನೋಡಿ ಎಂದು ಹೇಳಿ, ತಲೆಯನ್ನು ಹಿಂದಿನಿಂದ ತಟಕ್ಕನೆ ಪಕ್ಕಕ್ಕೆ ತಿರುಗಿಸಿದರು. ಒಳಗಿವಿ ಸರಿಯಿದ್ದರೆ ಕಣ್ಣು ಚುಕ್ಕೆಯಲ್ಲೇ ನಿಲ್ಲಬೇಕು. ನನ್ನದು ತಲೆಯ ಜೊತೆಗೇ ಹೋಗಿ, ಆಮೇಲೆ ಹಾರಿ ವಾಪಸು ಬರುತ್ತಿತ್ತು. ಎರಡೂ ಕಡೆಗೂ. ಬಲಕ್ಕೆ ಜಾಸ್ತಿ.

ಆಗ ಗುಟ್ಟು ರಟ್ಟಾಯಿತು. ಮಂಗನಬಾವು ಏಳನೇ ವರ್ಷದಲ್ಲಿ ಬಲಗಿವಿಯ ಎರಡೂ ಮನೆಯನ್ನು ಕೆಡವಿತ್ತು. ಸಣ್ಣವನಿದ್ದೆ, ಮೆದುಳು ಎಡಗಿವಿ ಒಂದರಲ್ಲೇ ಸುಧಾರಿಸಿಕೊಂಡಿತು. ನಾನು ಮರ ಹತ್ತಿದೆ, ಸೈಕಲ್ಲು ಹೊಡೆದೆ, ಯಾರಿಗೂ ಗೊತ್ತಾಗಲಿಲ್ಲ. ಅಷ್ಟು ವರ್ಷ ನನ್ನನ್ನು ನಿಲ್ಲಿಸಿದ್ದು ಒಂದೇ ಕಿವಿ. ಆಪರೇಷನ್ ಮಾಡಿದ್ದು ಅದೇ ಕಿವಿಗೆ.

ಆ ಸರ್ಜನ್ ಮೇಲೆ ಸಿಟ್ಟಿದೆಯಾ ಅಂದರೆ, ಇದೆ, ಸ್ವಲ್ಪ. ಕೈಚಳಕದಲ್ಲಿ ತಪ್ಪು ಹುಡುಕಲ್ಲ. ಕೇಳುವ ಪರೀಕ್ಷೆಗೆ ಮೂರು ದಿನ ಓಡಾಡಿಸಿದರು, ಸ್ಕ್ಯಾನ್ ಮಾಡಿಸಿದರು. ನಿಲ್ಲುವ ಪರೀಕ್ಷೆಗೆ ಅರ್ಧ ದಿನ ಕೊಡಲಿಲ್ಲವಲ್ಲ ಎಂಬುದೇ ನನ್ನ ತಕರಾರು. ಗೊತ್ತಿದ್ದರೂ ಎಡಗಿವಿಯನ್ನೇ ಆರಿಸುತ್ತಿದ್ದೆವೋ ಏನೋ. ಆದರೆ ಬಚ್ಚಲಿಗೆ ಹಿಡಿಕೆ ಮೊದಲೇ ಹಾಕಿಸುತ್ತಿದ್ದೆ.

ವ್ಯಾಯಾಮ ಹೇಳಿಕೊಟ್ಟರು. ಕೈ ಮುಂದೆ ಚಾಚಿ ಹೆಬ್ಬೆರಳು ನೋಡುತ್ತಾ ತಲೆಯನ್ನು ಆ ಕಡೆ ಈ ಕಡೆ ಆಡಿಸೋದು. ಗೋಡೆಯ ಮೂಲೆಯಲ್ಲಿ ದಿಂಬಿನ ಮೇಲೆ ನಿಂತು ಕಣ್ಣು ಮುಚ್ಚೋದು. ಅಂಗಳದಲ್ಲಿ ತಲೆ ತಿರುಗಿಸುತ್ತಾ ನಡೆಯೋದು. ದಿನಕ್ಕೆ ಮೂರು ಹೊತ್ತು. ಮೊದಮೊದಲು ವಾಕರಿಕೆ ಬರುತ್ತದೆ, ಬಿಡಬಾರದು. ನಾನು ಅಷ್ಟರ ತನಕ ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದೆ. ಆ ಜಾತಿಯ ಮಾತ್ರೆ ಮೊದಲ ಕೆಲವು ದಿನಕ್ಕೆ ಸರಿ, ಆಮೇಲೂ ತಿನ್ನುತ್ತಿದ್ದರೆ ಮೆದುಳು ಪಾಠ ಕಲಿಯುವುದೇ ತಡವಾಗುತ್ತದೆ ಎಂದು ಅವರೇ ಹೇಳಿ ನಿಲ್ಲಿಸಿದರು. ಪಕ್ಕದ ಮನೆಯ ತಮ್ಮ ನಾನು ಅಂಗಳದಲ್ಲಿ ತಲೆ ಆಡಿಸುತ್ತಾ ನಡೆಯೋದು ನೋಡಿ, "ಏನು ಭಾವ, ಯಕ್ಷಗಾನಕ್ಕೆ ಸೇರಿದ್ಯಾ?" ಅಂದ. ಆರು ತಿಂಗಳಿಗೆ ಬಸ್ಸಿನ ಬೋರ್ಡು ನಡೆಯುತ್ತಲೇ ಓದುವ ಹಾಗಾಯಿತು. ಕತ್ತಲು ಮಾತ್ರ ಇನ್ನೂ ಸೋಲಿಸುತ್ತದೆ. ದೇಹಕ್ಕೆ ನಿಲ್ಲಲು ಮೂರು ಆಸರೆ: ಕಣ್ಣು, ಒಳಗಿವಿ, ಪಾದ. ದೀಪ ಆರಿದರೆ ನನಗೆ ಉಳಿಯೋದು ಪಾದ ಒಂದೇ. ಮಳೆಗಾಲದಲ್ಲಿ ಕರೆಂಟು ಹೋದರೆ ಇದ್ದಲ್ಲೇ ಗೋಡೆ ಹಿಡಿದು ನಿಲ್ಲುತ್ತೇನೆ, ಯಾರಾದರೂ ಬ್ಯಾಟರಿ ದೀಪ ತರುವ ತನಕ.

ಯಲ್ಲಾಪುರದವರಿಗೆ ಹೇಳಿದ್ದು ಇಷ್ಟೇ. ಆಪರೇಷನ್‌ಗೆ ಮೊದಲು ಎರಡೂ ಕಿವಿಯ ಬ್ಯಾಲೆನ್ಸ್ ಪರೀಕ್ಷೆ ಮಾಡಿ ಅಂತ ಕೇಳಿ. ಅಪ್ಪಯ್ಯನಿಗೆ ಹಿಂದೆ ಮಂಗನಬಾವು, ಮೆದುಳುಜ್ವರ ಬಂದಿತ್ತಾ, ಟಿಬಿಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಟ್ಟಿದ್ದರಾ, ಕತ್ತಲಲ್ಲಿ ಓಲಾಡುತ್ತಾರಾ, ಎಲ್ಲ ಹೇಳಿ. ಆ ಇಂಜೆಕ್ಷನ್ ಕೇಳುವ ಕಡೆಗಿಂತ ಬ್ಯಾಲೆನ್ಸ್ ಕಡೆಗೇ ಜಾಸ್ತಿ ಪೆಟ್ಟು ಕೊಡುತ್ತದೆ. ಇನ್ನೊಂದು, ಇಂಪ್ಲಾಂಟ್ ಆದವರಿಗೆ ಜ್ವರ, ಜೋರು ತಲೆನೋವು, ಕುತ್ತಿಗೆ ಬಿಗಿತ ಬಂದರೆ ತಲೆಸುತ್ತು ಅಂತ ಸುಮ್ನೆ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

"ಹಾಗಾದ್ರೆ ಮಾಡಿಸೋದು ಬೇಡ್ವಾ?" ಅಂದರು.

ಮಾಡಿಸಿ ಅಂದೆ. ಅವರು ಕೇಳಿದ್ದು ನನಗೆ ಫೋನಿನಲ್ಲೇ ಕೇಳಿಸಿತ್ತಲ್ಲ. ಸ್ವಿಚ್ ಆನ್ ಮಾಡಿದ ವಾರ ಎಲ್ಲರ ಮಾತೂ ತಗಡು ಬಡಿದಂತೆ ಇತ್ತು. ನಾಲ್ಕನೇ ತಿಂಗಳಿಗೆ ಜಗಲಿಯಲ್ಲಿ ಕುಳಿತಿದ್ದಾಗ ಪಕ್ಕದಲ್ಲಿ ಕಟಕ್ ಅಂತು. ತಿರುಗಿ ನೋಡಿದರೆ ಆಯಿ ಕವಳಕ್ಕೆ ಅಡಿಕೆ ಕತ್ತರಿಸುತ್ತಿದ್ದಳು. ಅಡಕತ್ತರಿಯ ಸದ್ದು ಕೇಳಿ ಹತ್ತು ವರ್ಷವಾಗಿತ್ತು. ಇನ್ನೊಂದು ಅಡಿಕೆ ಕತ್ತರಿಸು ಅಂದೆ. ಆಮೇಲೆ ಇನ್ನೊಂದು.

ನಮ್ಮ ಕೆಳಗಿನ ತೋಟಕ್ಕೆ ಹೋಗಲು ಹಳ್ಳದ ಮೇಲೆ ಸಂಕ ದಾಟಬೇಕು, ಎರಡು ಅಡಿಕೆ ಮರ ಜೋಡಿಸಿ ಹಾಕಿದ್ದು. ಮೊದಲು ಹೆಗಲ ಮೇಲೆ ಗೊಬ್ಬರದ ಚೀಲ ಹೊತ್ತು ದಾಟುತ್ತಿದ್ದೆ. ಈಗ ಮೂರು ಮರ ಮಾಡಿದ್ದೇನೆ, ಎರಡೂ ಬದಿಗೆ ಹಗ್ಗ ಕಟ್ಟಿಸಿದ್ದೇನೆ. ಬಲಗೈಯನ್ನು ಹಗ್ಗಕ್ಕೆ ತಾಗಿಸಿಕೊಂಡು, ನೀರು ನೋಡದೆ ಆಚೆ ದಡದ ಹಲಸಿನ ಮರವನ್ನೇ ನೋಡುತ್ತಾ ದಾಟುತ್ತೇನೆ. ಐದೂವರೆಗೆ ವಾಪಸು. ಒಂದು ದಿನ ಆರೂಮುಕ್ಕಾಲಾಗಿತ್ತು, ಆ ದಡದಲ್ಲೇ ಕುಳಿತು ಮಗನನ್ನು ಕೂಗಿ ಕರೆದೆ. ಬಂದೆ ಅಪ್ಪಯ್ಯ ಎಂದು ಅವನು ಮನೆಯಿಂದ ಕೂಗಿದ್ದು ಕೇಳಿಸಿತು. ಬ್ಯಾಟರಿ ಬರುವ ತನಕ ಕುಳಿತೇ ಇದ್ದೆ.