ಎಂಟು ಚದರದ ಮನೆ: ಮುಚ್ಚಿಹೋಗುವ ಕೆಲಸಕ್ಕೆ ಮೊದಲ ದುಡ್ಡು

ಮೂವತ್ತು ನಲವತ್ತರ ಸೈಟು. ಅದರಲ್ಲಿ 25 ಅಡಿ ಅಗಲ, 32 ಅಡಿ ಉದ್ದದ ಮನೆ, ಅಂದರೆ ನೂರು ಚದರಡಿಗೆ ಒಂದು ಚದರದ ಲೆಕ್ಕದಲ್ಲಿ ಸರಿಯಾಗಿ ಎಂಟು ಚದರ. ಎರಡು ಮಲಗುವ ಕೋಣೆ, ಒಂದು ಹಾಲ್, ಅಡುಗೆಮನೆ, ದೇವರಿಗೊಂದು ಮೂಲೆ. ನಮ್ಮ ಊರುಗಳಲ್ಲಿ ಸಾಲ ಮಾಡಿ, ಚೀಟಿ ಎತ್ತಿ, ಒಡವೆ ಅಡವಿಟ್ಟು ಕಟ್ಟುವ ಬಹಳಷ್ಟು ಮನೆಗಳ ಅಳತೆ ಇದೇ ಆಸುಪಾಸು. ಇಂಥ ಮನೆಗೆ ದುಡ್ಡು ಕಡಿಮೆ ಬೀಳುವುದು ಖಂಡಿತ. ಎಲ್ಲಿ ಕಡಿಮೆ ಮಾಡಬೇಕು ಎಂಬುದೇ ಪ್ರಶ್ನೆ. ಮಣ್ಣು, ಕಾಂಕ್ರೀಟು, ಗಾರೆ, ಟೈಲ್ಸುಗಳ ಅಡಿಯಲ್ಲಿ ಮುಚ್ಚಿಹೋಗುವ ಕೆಲಸವನ್ನು ಆಮೇಲೆ ತೆಗೆದು ಮಾಡುವುದಕ್ಕಾಗುವುದಿಲ್ಲ. ಬಣ್ಣ, ಬೀರು, ಪರದೆ, ದೀಪ ಯಾವಾಗ ಬೇಕಾದರೂ ಬರುತ್ತವೆ. ಆದರೆ ಹೆಚ್ಚಿನ ಕಡೆ ಆಗುವುದು ಇದರ ತಿರುವುಮುರುವು: ಪಾಯದಲ್ಲಿ, ಪೈಪಿನಲ್ಲಿ ಉಳಿಸಿ, ಫಾಲ್ಸ್ ಸೀಲಿಂಗಿಗೆ ಸುರಿಯುತ್ತಾರೆ.

ಮೊದಲು ಮಣ್ಣು ನೋಡಿ. ಹಳೇ ಮೈಸೂರು ಕಡೆಯ ಕೆಂಪು ಮಣ್ಣು, ಗರಸು ಮಣ್ಣಾದರೆ ನಾಲ್ಕೈದು ಅಡಿಯಲ್ಲಿ ಗಟ್ಟಿ ನೆಲ ಸಿಗುವುದು ಸಾಮಾನ್ಯ. ಧಾರವಾಡ, ಗದಗ, ವಿಜಯಪುರದ ಎರೆಮಣ್ಣು ಹಾಗಲ್ಲ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮೇಲಿರುವ ಪಾಯವನ್ನು ವರ್ಷಕ್ಕೊಮ್ಮೆ ಎತ್ತಿ ಇಳಿಸುತ್ತದೆ. ಅಲ್ಲಿ ಎರೆ ಮುಗಿಯುವವರೆಗೆ ಅಗೆಯಬೇಕು, ಇಲ್ಲವೇ ಎಂಜಿನಿಯರ್ ಹೇಳಿದಂತೆ ಪೈಲ್ (ಆಳಕ್ಕಿಳಿಸುವ ಕಾಂಕ್ರೀಟು ಕಂಬ) ಅಥವಾ ರಾಫ್ಟ್ (ಇಡೀ ಮನೆಯಡಿ ಒಂದೇ ಕಾಂಕ್ರೀಟು ಹಾಸು) ಹಾಕಬೇಕು. ಎರಡರಲ್ಲಿ ಯಾವುದಾದರೂ ಒಂದೇ ಮಾತು: ಅಗೆದ ಎರೆಮಣ್ಣನ್ನು ಪಾಯದೊಳಕ್ಕೆ ವಾಪಸು ತುಂಬಬೇಡಿ. ಗರಸು ತರಿಸಿ, ಆರರಿಂದ ಒಂಬತ್ತು ಇಂಚಿನ ಪದರ ಹರಡಿ, ನೀರು ಬಿಟ್ಟು, ದಮ್ಮಸ್ ಹೊಡೆದು, ಆಮೇಲೆ ಮುಂದಿನ ಪದರ. ಎರಡು ಅಡಿ ಮಣ್ಣನ್ನು ಒಂದೇ ಸಲ ಟ್ರ್ಯಾಕ್ಟರಿನಿಂದ ಸುರಿದು ಮೇಲೆ ನೆಲದ ಬೆಡ್ ಕಾಂಕ್ರೀಟು ಹಾಕಿದರೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾಲಿನ ಟೈಲ್ಸು ನಡುವೆ ಕುಸಿದಿರುತ್ತದೆ. ಆಗ ಎಲ್ಲರೂ ಬೈಯುವುದು ಟೈಲ್ಸ್ ಹಾಕಿದವನನ್ನು.

ಮಾರ್ಕಿಂಗ್ ದಿನ ದಾರ ಕಟ್ಟಿದ ಮೇಲೆ ಮೂಲೆಗೆ ಮೂಲೆ ಅಳೆಯಿರಿ. 25–32ರ ಮನೆಗೆ ಎರಡೂ ಕರ್ಣ 40 ಅಡಿ 7 ಇಂಚಿನ ಹತ್ತಿರ ಬಂದು, ಒಂದಕ್ಕೊಂದು ಸಮ ಇರಬೇಕು. ಮೂಲೆಯೊಂದನ್ನು ಮಾತ್ರ ನೋಡುವುದಾದರೆ ಒಂದು ಕಡೆ ಆರಡಿ, ಇನ್ನೊಂದು ಕಡೆ ಎಂಟಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ಹತ್ತಡಿ ಬಂದರೆ ಮೂಲೆಮಟ್ಟ ಸರಿ. ಮೂಲೆಮಟ್ಟ ತಪ್ಪಿದ ಮನೆ ಬೀಳುವುದಿಲ್ಲ, ಆದರೆ ಪ್ರತಿ ಕೋಣೆಯ ಅಂಚಿನಲ್ಲೂ ಟೈಲ್ಸು ಓರೆಯಾಗಿ ಕತ್ತರಿಸಿರುತ್ತದೆ. ಇನ್ನು ಮನೆಯ ನೆಲ ರಸ್ತೆಗಿಂತ ಎರಡು ಅಡಿಯಾದರೂ ಮೇಲಿರಲಿ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತದೆ, ಮನೆ ಏರುವುದಿಲ್ಲ. ಬೆಡ್ ಕಾಂಕ್ರೀಟು ಹಾಕುವ ಮುಂಚೆ ಗೆದ್ದಲಿನ ಔಷಧಿ ಹೊಡೆಸುವುದನ್ನು ಮರೆಯಬಾರದು; ಬಾಗಿಲ ಚೌಕಟ್ಟು ಕೂತ ಮೇಲೆ ನೆನಪಾದರೆ ತಡವಾಗಿರುತ್ತದೆ.

ಗೋಡೆಗೆ ಆರಿಂಚಿನ ಸಾಲಿಡ್ ಬ್ಲಾಕ್ ಸಾಕು, ಒಳಗಿನ ಅಡ್ಡಗೋಡೆಗೆ ನಾಲ್ಕಿಂಚು. ಹೊರಗೋಡೆಯ ಸುತ್ತಳತೆ 114 ಅಡಿ, ಎತ್ತರ ಹತ್ತು. ಬಾಗಿಲು ಕಿಟಕಿ ಕಳೆದರೆ ಸುಮಾರು ಸಾವಿರ ಚದರಡಿ ಗೋಡೆ, ಅದಕ್ಕೆ ಆರಿಂಚಿನ ಬ್ಲಾಕು 1,100ರ ಸುಮಾರು ಬೇಕು, ಒಡೆಯುವುದಕ್ಕೆಂದು ಇನ್ನೊಂದು 30. ಕಾರ್ಖಾನೆಯಲ್ಲಿ ನಿನ್ನೆ ಮೊನ್ನೆ ಹಾಕಿದ ಬ್ಲಾಕು ತರಬೇಡಿ. ತಯಾರಾಗಿ 28 ದಿನ ಕಳೆದಿರಬೇಕು. ಹಸಿ ಬ್ಲಾಕು ಗೋಡೆಯಲ್ಲಿ ಕೂತ ಮೇಲೆ ಒಣಗಿ ಕುಗ್ಗುತ್ತದೆ. ಸಾರಣೆಯ ಮೇಲೆ ಮೆಟ್ಟಿಲಿನ ಹಾಗೆ ಹತ್ತುವ ಸಣ್ಣ ಬಿರುಕುಗಳಿಗೆ ಬಹಳ ಸಲ ಇದೇ ಕಾರಣ. ಇದೇ ಕಾರಣಕ್ಕೆ ಸಿಮೆಂಟ್ ಬ್ಲಾಕನ್ನು ಇಟ್ಟಿಗೆಯ ಹಾಗೆ ತೊಟ್ಟಿಯಲ್ಲಿ ನೆನೆಸಬಾರದು, ಮೈ ಮೇಲೆ ನೀರು ಚಿಮುಕಿಸಿದರೆ ಸಾಕು. ಸುಟ್ಟ ಇಟ್ಟಿಗೆಗೆ ತದ್ವಿರುದ್ಧ, ಗುಳ್ಳೆ ಏಳುವುದು ನಿಲ್ಲುವವರೆಗೆ ನೆನೆಯಬೇಕು. ದಿನಕ್ಕೆ ನಾಲ್ಕಡಿಗಿಂತ ಮೇಲೆ ಕಟ್ಟಿಸಬೇಡಿ. ತೂಗುಗುಂಡು ಪ್ರತಿ ಮೂರು ವರಸೆಗೊಮ್ಮೆ ಇಳಿಯಲಿ.

ಈಗ ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟು ಹಾಕುವ ಕೆಲಸ. ಇಡೀ ಮನೆಯಲ್ಲಿ ಮನೆಯವರು ಬೆಳಗ್ಗೆಯಿಂದ ಸಂಜೆಯವರೆಗೆ ನಿಂತು ನೋಡಬೇಕಾದ ದಿನ ಒಂದೇ ಇದ್ದರೆ ಅದು ಇದು. ಎಂಟು ಚದರಕ್ಕೆ ಐದು ಇಂಚಿನ ಸ್ಲ್ಯಾಬ್ ಎಂದರೆ 333 ಘನ ಅಡಿ ಕಾಂಕ್ರೀಟು. ಒಂದು ಸಿಮೆಂಟು, ಒಂದೂವರೆ ಎಂ-ಸ್ಯಾಂಡು (ಕಲ್ಲು ಪುಡಿ ಮಾಡಿದ ಮರಳು), ಮೂರು ಜಲ್ಲಿಯ ಲೆಕ್ಕದಲ್ಲಿ ಬೀಮು ಬಿಟ್ಟು ಸುಮಾರು 76 ಮೂಟೆ ಸಿಮೆಂಟು ಬೇಕು. ಸಂಜೆ ಖಾಲಿ ಚೀಲ ಎಣಿಸಿ. 60 ಮಾತ್ರ ಇದ್ದರೆ ಎಲ್ಲೋ ಸಿಮೆಂಟು ಕಡಿಮೆ ಬಿದ್ದಿದೆ. ಅದಕ್ಕಿಂತ ಮುಖ್ಯವಾದದ್ದು ನೀರು. 50 ಕೆ.ಜಿ. ಮೂಟೆಗೆ 25ರಿಂದ 28 ಲೀಟರ್, ಯಾವ ಕಾರಣಕ್ಕೂ 30 ದಾಟಬಾರದು. ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಮಾಲು ಸುಲಭವಾಗಿ ಹರಿಯಲಿ ಎಂದು ಮಿಕ್ಸರಿಗೆ ಪೈಪ್ ಬಿಡುತ್ತಾರೆ. ಆ ಹೆಚ್ಚಿನ ನೀರು ಆವಿಯಾದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಮಳೆನೀರು ಅದರಲ್ಲೇ ಇಳಿದು, ಕಂಬಿಗೆ ತುಕ್ಕು ಹಿಡಿಸಿ, ಹತ್ತು ಹದಿನೈದು ವರ್ಷದಲ್ಲಿ ಸೀಲಿಂಗಿನಿಂದ ಹಕ್ಕಳೆ ಹಕ್ಕಳೆಯಾಗಿ ಸಾರಣೆ ಉದುರುತ್ತದೆ. ಎಂ-ಸ್ಯಾಂಡ್ ಬೇರೆ, ಪಿ-ಸ್ಯಾಂಡ್ ಬೇರೆ; ಸಾರಣೆಯ ನುಣುಪು ಮರಳನ್ನು ಸ್ಲ್ಯಾಬಿಗೆ ಹಾಕಲು ಬಿಡಬೇಡಿ, ಅದೂ ನೀರು ಹೆಚ್ಚು ಕೇಳುತ್ತದೆ.

ಕಂಬಿ ಕಟ್ಟಿದ ಮೇಲೆ, ಮಾಲು ಬೀಳುವ ಮುಂಚೆ, ಎಂಜಿನಿಯರ್ ಬಂದು ನೋಡಲೇಬೇಕು. ಕೆಳಗಿನ ಕಂಬಿಗೂ ಹಲಗೆಗೂ ನಡುವೆ ಸ್ಲ್ಯಾಬಿನಲ್ಲಿ 20 ಮಿ.ಮೀ., ಬೀಮಿನಲ್ಲಿ 25, ಕಂಬದಲ್ಲಿ 40, ಪಾಯದ ಫುಟಿಂಗಿನಲ್ಲಿ 50 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟು, ಇರಬೇಕು. ಜಲ್ಲಿಚೂರು ಸಿಕ್ಕಿಸುವುದು ಕವರ್ ಅಲ್ಲ, ಸಿಮೆಂಟಿನ ಕವರ್ ಬ್ಲಾಕೇ ಬೇಕು. ಕಂಬಿಗೆ ಕಂಬಿ ಜೋಡಿಸುವಲ್ಲಿ ಅದರ ದಪ್ಪದ ಐವತ್ತು ಪಟ್ಟು ಒಂದರ ಮೇಲೊಂದು ಬರಲಿ: 10 ಮಿ.ಮೀ.ಗೆ ಅರ್ಧ ಮೀಟರ್, 12ಕ್ಕೆ 60 ಸೆಂ.ಮೀ. ಎಲ್ಲ ಜೋಡಣೆಯೂ ಒಂದೇ ಗೆರೆಯಲ್ಲಿ ಬರಬಾರದು. ಬೀಮಿನ ಮೇಲೆ ಹಾಯುವ ಮೇಲ್ಕಂಬಿಗಳನ್ನು ಕೆಲಸದವರು ಓಡಾಡಿ ತುಳಿದು ಕೆಳಗೆ ಬಗ್ಗಿಸುವುದು ದಿನನಿತ್ಯದ ತಪ್ಪು. ಅಲ್ಲಿ ಎಳೆತ ಬರುವುದು ಮೇಲ್ಭಾಗದಲ್ಲಿ. ಕಂಬಿ ಕೆಳಗೆ ಕೂತರೆ ಬೀಮಿನುದ್ದಕ್ಕೂ ತಾರಸಿಯಲ್ಲಿ ಬಿರುಕು. ಕೆಳಗೆ ಚೇರ್ ಕಂಬಿ (ಮೇಲ್ಕಂಬಿಯನ್ನು ಎತ್ತಿ ಹಿಡಿಯುವ ಬಗ್ಗಿಸಿದ ಕಂಬಿ) ಕೊಟ್ಟು, ಓಡಾಡಲು ಹಲಗೆ ಹಾಸಿಸಿ. ಕಿಟಕಿಯ ಮೇಲಿನ ಸಜ್ಜೆಯಲ್ಲಂತೂ ಮುಖ್ಯ ಕಂಬಿ ಮೇಲೆಯೇ ಇರಬೇಕು. ಕೆಳಗೆ ಹಾಕಿದ ಸಜ್ಜೆ ಊರೆ (ಹಲಗೆಯ ಅಡಿಯ ಆಧಾರ) ತೆಗೆದ ದಿನವೇ ಮುರಿದು ಬೀಳಬಹುದು, ಕೆಳಗೆ ನಿಂತವರ ತಲೆಯ ಮೇಲೆ.

ಮಾರನೇ ದಿನ ತಾರಸಿಯಲ್ಲಿ ಗಾರೆಯ ಸಣ್ಣ ಕಟ್ಟೆ ಕಟ್ಟಿ ಎರಡಿಂಚು ನೀರು ನಿಲ್ಲಿಸಿ. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು, ಅದು ನಿಧಾನವಾಗಿ ಗಟ್ಟಿಯಾಗುವಂಥದು. ಹತ್ತು ದಿನ ಕನಿಷ್ಠ, ಹದಿನಾಲ್ಕು ದಿನ ಒಳ್ಳೆಯದು. ಬಾಡಿಗೆ ಏರುತ್ತದೆಂದು ಸೆಂಟ್ರಿಂಗಿನವರು ಒಂದು ವಾರಕ್ಕೇ ಊರೆ ಬಿಚ್ಚಲು ಬರುತ್ತಾರೆ. ಎರಡು ವಾರ ಬಿಡಿ, ದೊಡ್ಡ ಬೀಮಿನ ಅಡಿ ಮೂರು ವಾರ. ಬಿಚ್ಚುವಾಗ ಸ್ಲ್ಯಾಬಿನಲ್ಲಿ ನಡುವಿನಿಂದ ಗೋಡೆಯ ಕಡೆಗೆ, ಸಜ್ಜೆಯಲ್ಲಿ ತುದಿಯಿಂದ ಗೋಡೆಯ ಕಡೆಗೆ.

ಪೈಪು ಮತ್ತು ವೈರು

ಈ ಎರಡರಲ್ಲಿ ಉಳಿಸಿದ ಹತ್ತು ರೂಪಾಯಿ ಮುಂದೆ ನೂರಾಗಿ ಹೋಗುತ್ತದೆ. ಕಕ್ಕಸಿನಿಂದ ಹೊರಡುವ ನಾಲ್ಕಿಂಚಿನ ಪೈಪಿಗೆ ಹತ್ತಡಿಗೆ ಮೂರಿಂಚು ವಾಟ (ಇಳಿಜಾರು) ಬೇಕು. ವಾಟ ಕಡಿಮೆಯಾದರೆ ಕಟ್ಟಿಕೊಳ್ಳುವುದು ನಿಶ್ಚಿತ. ಪೈಪು ತಿರುಗುವ ಕಡೆಯೆಲ್ಲ ಚೇಂಬರು ಬೇಕು, ಒಳಗೆ ಬಿದಿರು ತೂರಿಸುವಷ್ಟಾದರೂ ಜಾಗವಿರಲಿ. ಬಚ್ಚಲಿನ ನೆಲಕ್ಕೆ ಆರಡಿಗೆ ಒಂದಿಂಚು ವಾಟ, ಬಾಗಿಲಿನಿಂದ ಜಾಲರಿಯ ಕಡೆಗೆ. ಟೈಲ್ಸಿಗೆ ಮುಂಚೆ ವಾಟರ್‌ಪ್ರೂಫಿಂಗ್ ಮುಗಿಸಿ, ಜಾಲರಿಗೆ ಬಟ್ಟೆ ತುರುಕಿ, ಎರಡು ದಿನ ನೀರು ನಿಲ್ಲಿಸಿ ಗೋಡೆಯ ಆಚೆ ಬದಿ ಒದ್ದೆಯಾಗುತ್ತದೆಯೇ ನೋಡಿ. ಗೋಡೆಯೊಳಗಿನ ನೀರಿನ ಪೈಪನ್ನು ಮುಚ್ಚುವ ಮುನ್ನ ಕೈಪಂಪಿನಿಂದ ಒತ್ತಡ ಹಾಕಿಸಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ಪಂಪಿನ ಮೀಟರಿನ ಮುಳ್ಳು ಇಳಿದಿದ್ದರೆ ಎಲ್ಲೋ ಸೋರಿದೆ. ಗೀಸರಿನ ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು, ಯುಪಿವಿಸಿ ತಣ್ಣೀರಿಗೆ ಮಾತ್ರ.

ವೈರಿನಲ್ಲಿ ದೀಪ, ಫ್ಯಾನಿಗೆ 1.5 ಚದರ ಮಿ.ಮೀ., ಸಾಕೆಟ್ಟಿಗೆ 2.5, ಗೀಸರಿಗೆ 4. ಮುಖ್ಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಕಡಿಯುವ ಸ್ವಿಚ್ಚು, ಇರಲೇಬೇಕು. ಬಚ್ಚಲಿನಲ್ಲಿ ಒದ್ದೆ ಕೈಗೆ ಕರೆಂಟು ತಗುಲಿದಾಗ ಜೀವ ಉಳಿಸುವುದು ಅದು. ಹೊರೆ ಹೆಚ್ಚಾದರೆ ಬೀಳುವ ಎಂಸಿಬಿ ಉಳಿಸುವುದು ವೈರನ್ನು. ಅಡುಗೆಮನೆಯಲ್ಲಿ ಫ್ರಿಜ್ಜು, ಮಿಕ್ಸಿ, ಗ್ರೈಂಡರು, ನೀರಿನ ಫಿಲ್ಟರು, ಇಂಡಕ್ಷನ್ನು ಎಲ್ಲಕ್ಕೂ ಬೇರೆ ಬೇರೆ ಸಾಕೆಟ್ಟು ಈಗಲೇ ಎಣಿಸಿಕೊಳ್ಳಿ. ಮತ್ತೆ ಒಂದು ಕೆಲಸ, ಖರ್ಚೇ ಇಲ್ಲದ್ದು: ಮೋಲ್ಡಿನ ಮುಂಚೆ ಸ್ಲ್ಯಾಬಿನೊಳಗಿನ ಪೈಪುಗಳದ್ದು, ಸಾರಣೆಯ ಮುಂಚೆ ಪ್ರತಿ ಗೋಡೆಯದ್ದು ಟೇಪು ಹಿಡಿದು ಫೋಟೊ ತೆಗೆದಿಡಿ. ಐದು ವರ್ಷದ ನಂತರ ಮೊಳೆ ಹೊಡೆಯುವಾಗ ಅದರ ಬೆಲೆ ತಿಳಿಯುತ್ತದೆ.

ಮಳೆನೀರನ್ನು ಚರಂಡಿಗೆ ಬಿಡಬೇಡಿ. ಈ ತಾರಸಿಯ ಮೇಲೆ ಒಂದಿಂಚು ಮಳೆ ಬಿದ್ದರೆ 1,880 ಲೀಟರ್ ನೀರು. ಎಂಟಡಿ ಉದ್ದ, ಆರಡಿ ಅಗಲ, ಐದಡಿ ಆಳದ ಸಂಪು 6,800 ಲೀಟರ್ ಹಿಡಿಯುತ್ತದೆ. ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲು ಒಂದು ಕವಲು ಕೊಟ್ಟು, ಶೋಧಿಸಿದ ಮೇಲಿನದು ಸಂಪಿಗೆ ಬರಲಿ. ತಾರಸಿಗೆ ಹತ್ತಡಿಗೆ ಒಂದೂಕಾಲು ಇಂಚು ವಾಟ ಸಾಕು, ಆದರೆ ಪ್ಯಾರಾಪೆಟ್ಟು ತಾರಸಿಗೆ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿ. ಸೋರುವ ಮನೆಗಳಲ್ಲಿ ನೀರು ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ.

ಸಾರಣೆಗೆ ಒಳಗೆ ಅರ್ಧ ಇಂಚು, ಹೊರಗೆ ಎರಡು ಕೈಯಲ್ಲಿ ಮುಕ್ಕಾಲು ಇಂಚು. ಕಂಬ ಮತ್ತು ಬ್ಲಾಕು ಸೇರುವಲ್ಲಿ, ಪೈಪಿಗಾಗಿ ಕೊರೆದ ಗಾಡಿಯ (ತೋಡಿನ) ಮೇಲೆ ಕೋಳಿಜಾಲರಿ ಹೊಡೆದೇ ಸಾರಣೆ ಮಾಡಬೇಕು. ಕಾಂಕ್ರೀಟು, ಬ್ಲಾಕು ಎರಡೂ ಬಿಸಿಲಿಗೆ ಒಂದೇ ಸಮ ಹಿಗ್ಗುವುದಿಲ್ಲ. ಜಾಲರಿ ಇಲ್ಲದಿದ್ದರೆ ಕಂಬದ ಗೆರೆ ಗೋಡೆಯಲ್ಲಿ ಮೂಡಿ ನಿಲ್ಲುತ್ತದೆ, ಎಷ್ಟು ಸಲ ಬಣ್ಣ ಬಳಿದರೂ.

ಕಣ್ಣಿಗೆ ಕಾಣುವುದು

ಇಷ್ಟಾದ ಮೇಲೆ ಉಳಿದ ದುಡ್ಡಿನಲ್ಲಿ ಮನೆ ಚೆನ್ನಾಗಿ ಕಾಣುವಂತೆ ಮಾಡುವುದು ಕಷ್ಟವಲ್ಲ, ಅಲಂಕಾರವನ್ನು ಗೋಡೆಯಲ್ಲೇ ಕಟ್ಟಿಕೊಂಡರೆ. ಮಲಗುವ ಕೋಣೆಯ ಬೀರುವಿಗೆ ಪ್ಲೈವುಡ್ ಪೆಟ್ಟಿಗೆ ಬೇಡ. ಗೋಡೆ ಕಟ್ಟುವಾಗಲೇ ಎರಡಡಿ ಆಳದ ಜಾಗ ಬಿಟ್ಟು ಕಡಪ ಕಲ್ಲಿನ ಹಲಗೆ ಕೂರಿಸಿದರೆ, ಮುಂದೆ ಬಾಗಿಲು ಮಾತ್ರ ಮಾಡಿಸಿದರಾಯಿತು. ಗೆದ್ದಲಿಲ್ಲ, ಉಬ್ಬುವುದಿಲ್ಲ. ಅಡುಗೆಕಟ್ಟೆಯ ಕೆಳಗೂ ಇದೇ. ಅಲ್ಲಿ ಪ್ಲೈವುಡ್ಡೇ ಬೇಕೆಂದರೆ ನೀರು ತಡೆಯುವ ಐಎಸ್ 710 ಗುರುತಿನದು ಕೊಳ್ಳಿ. ಐಎಸ್ 303ರ ಸಾಮಾನ್ಯ ಹಲಗೆ ಸಿಂಕಿನ ಅಡಿಯಲ್ಲಿ ಬಾಳುವುದಿಲ್ಲ. ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ವಾಡಿಕೆಗೆ ಬಿಡಬೇಡಿ. ಅಡುಗೆ ಮಾಡುವವರು ನೇರ ನಿಂತು ಮೊಣಕೈ ಮಡಚಲಿ, ಮೊಣಕೈಗಿಂತ ನಾಲ್ಕೈದು ಇಂಚು ಕೆಳಗೆ ಕಟ್ಟೆಯ ಮೇಲ್ಮೈ ಬರಲಿ. ಐದಡಿ ಎರಡಿಂಚು ಎತ್ತರದವರಿಗೆ ಇದು 32ರಿಂದ 34 ಇಂಚಿನ ಆಸುಪಾಸು. ಗ್ರಾನೈಟಿನ ಮುಂದಿನ ಅಂಚಿನ ಅಡಿಯಲ್ಲಿ ಸಣ್ಣ ಗಾಡಿ ಕೊರೆಸಿದರೆ ನೀರು ಕೆಳಗಿನ ಬಾಗಿಲ ಮೇಲೆ ಇಳಿಯುವುದಿಲ್ಲ.

ನೆಲಕ್ಕೆ ಎರಡಡಿ ಚೌಕದ ಟೈಲ್ಸಾದರೆ 10–12ರ ಕೋಣೆಗೆ 30, ಒಡೆಯುವುದು ಕತ್ತರಿಸುವುದಕ್ಕೆ ಇನ್ನು ಮೂರು. ಡಬ್ಬಗಳ ಬ್ಯಾಚ್ ನಂಬರು ಒಂದೇ ಇದೆಯೇ ನೋಡಿ ಇಳಿಸಿಕೊಳ್ಳಿ, ಬೇರೆ ಬ್ಯಾಚಿನ ಬಿಳುಪು ಬೇರೆ ಇರುತ್ತದೆ. ನಾಲ್ಕು ಮೂಲೆಗೊಂದು, ನಡುವೆಯೊಂದು ಸಿಮೆಂಟು ಮುದ್ದೆ ಇಟ್ಟು ಒತ್ತುವುದು ಬೇಡ, ಅಡಿ ಪೂರ್ತಿ ತುಂಬಬೇಕು. ಮಾರನೇ ದಿನ ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದದ್ದನ್ನು ಆಗಲೇ ತೆಗೆಸಿ. ಹಾಲಿಗೆ ಶಹಾಬಾದ್ ಕಲ್ಲು ಅಥವಾ ಕೆಂಪು ಗಾರೆ ನೆಲ ನನಗೆ ಇದಕ್ಕಿಂತ ಇಷ್ಟ, ಬೇಸಿಗೆಯಲ್ಲಿ ಬರಿಗಾಲಿಗೆ ಅದರಷ್ಟು ಹಿತ ಬೇರೆ ಇಲ್ಲ. ಆದರೆ ಗಾರೆ ನೆಲಕ್ಕೆ ಕೈ ಪಳಗಿದ ಕೆಲಸಗಾರ ಸಿಕ್ಕರೆ ಮಾತ್ರ ಕೈಹಾಕಿ. ತಿಕ್ಕುವ ಹದ ತಪ್ಪಿದರೆ ನೆಲವೆಲ್ಲ ಮಚ್ಚೆಮಚ್ಚೆ.

ಬಣ್ಣದಲ್ಲಿ ಆಗುವ ಅನಾಹುತಕ್ಕೆಲ್ಲ ಮೂಲ ಗೃಹಪ್ರವೇಶದ ಮುಹೂರ್ತ. ಸಾರಣೆ ಮುಗಿದು 28 ದಿನವಾದರೂ ಗೋಡೆ ಒಣಗಬೇಕು. ಹಸಿ ಗೋಡೆಗೆ ಪುಟ್ಟಿ ಬಳಿದರೆ ಒಳಗಿನ ತೇವ ಉಪ್ಪನ್ನು ಹೊತ್ತು ಹೊರಬಂದು, ಬಿಳಿ ಹುಡಿಯಾಗಿ ಬಣ್ಣವನ್ನು ಎತ್ತಿಹಾಕುತ್ತದೆ. ದಿನ ಮೊದಲೇ ಗೊತ್ತಾಗಿದ್ದರೆ ಪ್ರೈಮರ್ ಒಂದು ಕೈ ಹೊಡೆಸಿ ಹಾಲು ಉಕ್ಕಿಸಿ, ಬಣ್ಣ ಎರಡು ತಿಂಗಳ ನಂತರ ಆಗಲಿ. 10–12ರ ಕೋಣೆಯ ಗೋಡೆ, ಸೀಲಿಂಗು ಸೇರಿ 500 ಚದರಡಿ. ಎರಡು ಕೈಗೆ ಏಳೆಂಟು ಲೀಟರ್ ಎಮಲ್ಷನ್. ಚಿಕ್ಕ ಕೋಣೆಗಳಿಗೆಲ್ಲ ಒಂದೇ ತಿಳಿ ಬಣ್ಣ ಸಾಕು, ಮನೆ ದೊಡ್ಡದಾಗಿ ಕಾಣುತ್ತದೆ. ಬೇಕಿದ್ದರೆ ದೇವರ ಮೂಲೆಯ ಗೂಡಿಗೆ ಅರಿಶಿನ ಬಣ್ಣ ಕೊಡಿ. ದೀಪದ ಮಸಿ ಕೂರುವ ಜಾಗವಾದ್ದರಿಂದ ಅಲ್ಲಿ ತೊಳೆಯಬಹುದಾದ ಪೇಂಟೇ ಇರಲಿ. ಮೆಟ್ಟಿಲ ಗೋಡೆಯಲ್ಲಿ ಮಣ್ಣಿನ ಜಾಲಿ ಇಟ್ಟಿಗೆ ನಾಲ್ಕು ಸಾಲು ಕೂರಿಸಿದರೆ ಬೆಳಕು, ಗಾಳಿ, ಅಂದ ಮೂರೂ ಬರುತ್ತವೆ.

ಮುಂಬಾಗಿಲ ಎದುರು ಹೊಳೆಯುವ ಗ್ರಾನೈಟು ಹಾಕಬೇಡಿ. ಬೆಳಗ್ಗೆ ನೀರು ಹಾಕಿದ ಮೇಲೆ ಕಾಲು ಜಾರುತ್ತದೆ, ರಂಗೋಲಿ ಹುಡಿಯೂ ನಿಲ್ಲುವುದಿಲ್ಲ. ನಾಲ್ಕಡಿ ಚೌಕ ಒರಟು ಸಾದರಹಳ್ಳಿ ಕಲ್ಲು ಹಾಸಿ, ಹೊಸ್ತಿಲಿನಿಂದ ಗೇಟಿನ ಕಡೆಗೆ ಅರ್ಧ ಇಂಚು ವಾಟ ಕೊಡಿಸಿ.