ವಿಗೀಲಿಯಾ ರಾತ್ರಿಯ ಖಾಲಿ ತಟ್ಟೆ

ಪೋಲೆಂಡಿನ ಕ್ರಾಕೋವ್ ನಗರಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಅಂಗಡಿಯವರ ಹೊರತು ನನ್ನೊಡನೆ ಮಾತನಾಡುವವರು ಯಾರೂ ಇರಲಿಲ್ಲ. ಮರುವರ್ಷ ಒಂದು ಹಾಡಿನ ಗುಂಪು ಸಿಕ್ಕಿತು. ಸ್ಲಾವ್ ನಾಡುಗಳ ಹಳ್ಳಿಯ ಪದಗಳನ್ನು ಕಲಿತು ಹಾಡಲು ಪ್ರತಿ ಗುರುವಾರ ಸಂಜೆ ಸೇರುತ್ತಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಪೋಲಿಷರಲ್ಲದೆ ಸ್ಲೊವಾಕಿಯಾದ ಒಬ್ಬ ವಿದ್ಯಾರ್ಥಿಯೂ 2022ರ ಯುದ್ಧದಿಂದಾಗಿ ಊರು ಬಿಟ್ಟು ಬಂದ ಉಕ್ರೇನಿನ ಇಬ್ಬರು ಹೆಂಗಸರೂ ಇದ್ದರು.

ಅವರ ಗಾಯನಕ್ರಮಕ್ಕೆ ‘ಬಿಳಿಯ ದನಿ’ ಎಂಬ ಹೆಸರಿದೆ. ಗಂಟಲನ್ನು ಪೂರ್ತಿ ತೆರೆದು, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕರೆಯುವಂತೆ ರಾಗವನ್ನು ಎತ್ತಬೇಕು. ಚಿಕ್ಕಂದಿನ ಸಂಗೀತದ ಪಾಠದಲ್ಲಿ ಕಿರುಚಬೇಡವೆಂದು ಬೈಸಿಕೊಂಡವಳು ನಾನು. ಅಜ್ಜಿ ರಾಗಿ ಬೀಸುತ್ತಾ ಹಾಡುತ್ತಿದ್ದ ದನಿಯನ್ನು ನೆನೆದು ಬಾಯಿ ತೆರೆದಾಗ, ಇದೇ ಬೇಕಾದದ್ದು ಎಂದರು.

ಪೋಲಿಷಿಗೆ ಏಳು ವಿಭಕ್ತಿಗಳು. ಶಾಲೆಯಲ್ಲಿ ‘ಉ, ಅನ್ನು, ಇಂದ’ ಎಂದು ಉರು ಹೊಡೆದ ನಾನು ಹೆದರಲಿಲ್ಲವಾದರೂ ತಪ್ಪಿದ್ದು ಸಂಬೋಧನೆಯಲ್ಲಿಯೇ. ಗುಂಪಿನ ಹಿರಿಯರನ್ನು ಎಲ್ಲರೂ ಅಜ್ಜಿಯೆಂದೇ ಕರೆಯುತ್ತಿದ್ದರು. ಅಜ್ಜಿ ಎಂದರೆ ‘ಬಾಬ್ಚಾ’, ಕರೆಯುವಾಗ ಅದು ‘ಬಾಬ್ಚು’ ಆಗಬೇಕು. ನಾನು ‘ಬಾಬ್ಚಾ’ ಎಂದಾಗಲೆಲ್ಲ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಸರಿಯಾಗಿ ಕರೆದ ದಿನ ಡಿಸೆಂಬರ್ 24ರ ರಾತ್ರಿಯೂಟಕ್ಕೆ, ಅಂದರೆ ವಿಗೀಲಿಯಾಕ್ಕೆ, ಬರಹೇಳಿದರು.

ಆ ರಾತ್ರಿ ಅನಿರೀಕ್ಷಿತ ಅತಿಥಿಗಾಗಿ ಒಂದು ತಟ್ಟೆಯನ್ನು ಹೆಚ್ಚಾಗಿ ಇಡುವ ಪದ್ಧತಿ ಪೋಲಿಷರ ಮನೆಗಳಲ್ಲಿದೆ. ಅದು ನನ್ನಂಥ ಪರದೇಶಿಗೇ ಇಟ್ಟದ್ದಿರಬೇಕೆಂದು ಭಾವಿಸಿ ನಾನು ಆ ಕುರ್ಚಿಯತ್ತಲೇ ನಡೆದೆ. ಅಜ್ಜಿ ಕೈ ಹಿಡಿದು ಉಕ್ರೇನಿನ ಹೆಂಗಸರ ನಡುವೆ ಕೂರಿಸಿ, ‘ಅದು ಹೇಳದೆ ಬರುವವರಿಗೆ. ನಿನ್ನ ತಟ್ಟೆ ಇಲ್ಲಿದೆ’ ಎಂದರು.

ಮೇಜುಬಟ್ಟೆಯ ಅಡಿಯಲ್ಲಿ ಒಣಹುಲ್ಲು ಹರಡಿತ್ತು. ಮೊದಲ ನಕ್ಷತ್ರ ಮೂಡಿದ ಮೇಲೆ ‘ಒಪ್ವಾತೆಕ್’ ಎಂಬ ಕಾಗದದಷ್ಟು ತೆಳುವಾದ ಹಪ್ಪಳವನ್ನು ಒಬ್ಬರು ಇನ್ನೊಬ್ಬರದರಿಂದ ಮುರಿದುಕೊಂಡು ಹಾರೈಸಿದರು. ಹನ್ನೆರಡು ಬಗೆಯ ಅಡುಗೆಯಲ್ಲಿ ಮಾಂಸವಿರಲಿಲ್ಲ, ಆದರೆ ಮೀನನ್ನು ಅವರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ; ಸಸ್ಯಾಹಾರಿಯಾದ ನನಗೆ ಅಣಬೆ ತುಂಬಿದ ಪುಟ್ಟ ಕಡುಬುಗಳನ್ನು ಹಾಕಿದ ಬೀಟ್‌ರೂಟಿನ ಹುಳಿಸಾರು, ಎಲೆಕೋಸು ತುಂಬಿದ ‘ಪಿಯೆರೋಗಿ’ ಎಂಬ ಕಡುಬು, ಗಸಗಸೆ ಹೂರಣದ ಸುರುಳಿ ಕೇಕು ಧಾರಾಳವಾಗಿ ಸಿಕ್ಕವು. ಬಳಿಕ ಹಬ್ಬದ ಹಾಡುಗಳು. ಪೋಲಿಷರ ‘ಕೊಲೆಂಡಾ’, ಸ್ಲೊವಾಕರ ‘ಕೊಲೆಡಾ’, ಉಕ್ರೇನಿಯರ ‘ಕೊಲ್ಯಾಡ್ಕಾ’ ಎಲ್ಲವೂ ಒಂದೇ ಲ್ಯಾಟಿನ್ ಪದದ ಮಕ್ಕಳಾದರೂ ಧಾಟಿಗಳು ಬೇರೆ ಬೇರೆ. ತಮ್ಮ ಊರಿನ ಹಾಡು ಎತ್ತಿದ ಉಕ್ರೇನಿನ ಹಿರಿಯಾಕೆ ನಡುವೆ ನಿಲ್ಲಿಸಿದಾಗ ಸ್ಲೊವಾಕ್ ಹುಡುಗ ಸಾಲನ್ನು ಮುಂದುವರಿಸಿದ.

ಪಾತ್ರೆ ತೊಳೆಯುವ ಸರದಿ ನನ್ನದಾಯಿತು. ಯಾರೂ ಉಣ್ಣದ ಆ ತಟ್ಟೆಯನ್ನೂ ತೊಳೆಯಬೇಕೇ ಎಂದು ಕೇಳಿದೆ. ಅಜ್ಜಿ ಮೊದಲು ನನ್ನ ಪ್ರಶ್ನೆಯ ವಿಭಕ್ತಿಯನ್ನು ತಿದ್ದಿದರು.